ಕೋಶದೊಳಗೆ ಹುಳು ಸಾಯುವುದಿಲ್ಲ

ಚಿಟ್ಟೆಯ ಬಾಳು ಮೊಟ್ಟೆ, ಕಂಬಳಿಹುಳು, ಕೋಶ, ಪ್ರೌಢ ಚಿಟ್ಟೆ ಎಂಬ ನಾಲ್ಕು ಹಂತಗಳದ್ದು. ಕೋಶದೊಳಗೆ ಹುಳು ಪೂರ್ತಿ ಕರಗಿ ರಸವಾಗುತ್ತದೆ, ಆ ರಸದಿಂದ ಹೊಸದೊಂದು ಜೀವಿ ಹುಟ್ಟುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಮೂರೂವರೆ ಶತಮಾನಗಳ ಸಂಶೋಧನೆ ಇದನ್ನು ಒಪ್ಪುವುದಿಲ್ಲ. ರೂಪಾಂತರವೆಂದರೆ ಸತ್ತು ಹುಟ್ಟುವುದಲ್ಲ, ಒಂದೇ ಜೀವಿ ತಡೆಹಿಡಿದಿಟ್ಟ ಬೆಳವಣಿಗೆಯನ್ನು ಪೂರೈಸಿಕೊಳ್ಳುವುದು.

ಮೊಟ್ಟೆಯಲ್ಲಿ ಆಹಾರ ಸಾಲದೆ ಭ್ರೂಣವೇ ಹುಳುವಾಗಿ ಹೊರಬಂದು ಮೇಯುತ್ತದೆ, ಕೋಶ ಅದರ ಎರಡನೆಯ ಮೊಟ್ಟೆ ಎಂದು ವಿಲಿಯಂ ಹಾರ್ವೆ 1651ರಲ್ಲಿ ವಾದಿಸಿದ್ದ. ಹಾಗಾದರೆ ಹುಳುವಿಗೂ ಚಿಟ್ಟೆಗೂ ಬೇರೆ ಬೇರೆ ಹುಟ್ಟು ಎಂದಾಯಿತು. ಕೋಶ ಕಟ್ಟಲು ಸಿದ್ಧವಾದ ಹುಳುವಿನ ಚರ್ಮ ಸುಲಿದು, ಅಡಿಯಲ್ಲಿ ಮಡಚಿಟ್ಟಿದ್ದ ರೆಕ್ಕೆ, ಕಾಲು, ಕುಡಿಮೀಸೆಗಳನ್ನು ತೋರಿಸಿದ ಯಾನ್ ಸ್ವಾಮರ್‌ಡಾಮ್ 1669ರ ತನ್ನ ಗ್ರಂಥದಲ್ಲಿ ಈ ವಾದವನ್ನು ಅಲುಗಿಸಿದ. ಮರಿಯಾ ಸಿಬಿಲ್ಲಾ ಮೆರಿಯನ್ 1679ರಿಂದ ಪ್ರಕಟಿಸಿದ ಚಿತ್ರಗಳು ಯಾವ ಗಿಡದ ಹುಳು ಯಾವ ಚಿಟ್ಟೆಯಾಗುತ್ತದೆ ಎಂಬುದನ್ನು ಜೋಡಿಸಿ ತೋರಿಸಿದವು. ರೆಕ್ಕೆಗಳು ಹುಳುವಿನೊಳಗೇ ಪುಟ್ಟ ಅಂಗಾಂಶ ಬಿಲ್ಲೆಗಳಾಗಿ ಬೆಳೆಯುತ್ತಿರುತ್ತವೆ ಎಂಬುದು ಮುಂದೆ ಖಚಿತವಾಯಿತು. ಎದೆಯ ಮೂರು ಜೊತೆ ಕಾಲುಗಳು ಹೊಸ ರೂಪದಲ್ಲಿ ಮುಂದುವರಿಯುತ್ತವೆ, ಹೊಟ್ಟೆಯ ಹುಸಿಗಾಲುಗಳು ಮಾತ್ರ ಅಳಿಯುತ್ತವೆ. ಎಲೆ ಕತ್ತರಿಸುವ ದವಡೆ ಮರೆಯಾಗಿ, ಬಾಯಿಯ ಇನ್ನೊಂದು ಜೊತೆ ಉಪಾಂಗ ಮಕರಂದ ಹೀರುವ ಕೊಳವೆಯಾಗುತ್ತದೆ.

ಹಾಗಾದರೆ ಈ ಬೆಳವಣಿಗೆಯನ್ನು ತಡೆಯುವುದು ಯಾವುದು, ಬಿಡುವುದು ಯಾವುದು? ಮಿದುಳು ತೆಗೆದ ಹುಳು ಕೋಶವಾಗುವುದಿಲ್ಲ ಎಂದು ಸ್ಟೆಫಾನ್ ಕೋಪೆಚ್ 1922ರಲ್ಲಿ ತೋರಿಸಿದರು. ಎಳೆತನ ಕಾಯುವ ಹಾರ್ಮೋನ್ ಒಂದಿದೆ ಎಂಬುದನ್ನು 1930ರ ದಶಕದಲ್ಲಿ ವಿಗಲ್ಸ್‌ವರ್ತ್ ತಿಗಣೆ ಜಾತಿಯ ಕೀಟದಲ್ಲಿ ಕಂಡರು. ಪೊರೆ ಕಳಚಿಸುವ ಎಕ್ಡೈಸೋನನ್ನು ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಬೇರ್ಪಡಿಸಿದರು; 500 ಕಿಲೋ ರೇಷ್ಮೆ ಕೋಶಗಳಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಎಳೆತನದ ಹಾರ್ಮೋನ್ ಇಳಿದಾಗ ಎಕ್ಡೈಸೋನ್ ಏರಿದರೆ ಹುಳು ಕೋಶವಾಗುತ್ತದೆ. ಸಸ್ಯಗಳಿಂದ ತೆಗೆದ ಎಕ್ಡೈಸೋನ್ ಜಾತಿಯ ದ್ರವ್ಯ ಕೊಟ್ಟು ಹುಳುಗಳನ್ನು ಒಟ್ಟಿಗೆ ಹಣ್ಣಾಗಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ನಮ್ಮ ರೇಷ್ಮೆ ಕೃಷಿಯ ಪದ್ಧತಿಗೂ ಈ ತಿಳಿವೇ ಆಧಾರ.

ಹುಳುವಿನ ಸ್ನಾಯು, ಕರುಳು, ರೇಷ್ಮೆ ಗ್ರಂಥಿಗಳು ಕರಗುವುದು ನಿಜವಲ್ಲವೇ ಎಂದು ಕೇಳಬಹುದು. ಬಹುಪಾಲು ನಿಜ, ಆದರೆ ಎಲ್ಲವೂ ಕರಗುವುದಿಲ್ಲ. ಜೀವಂತ ಕೋಶದ ಎಕ್ಸ್-ರೇ ಸ್ಕ್ಯಾನ್ ಮಾಡಿದ 2013ರ ಅಧ್ಯಯನದಲ್ಲಿ ಉಸಿರಾಟದ ನಾಳಗಳು ಮೊದಲ ದಿನವೇ ಸ್ಪಷ್ಟವಾಗಿ ಕಂಡವು. ಕೊನೆಯ ಹಂತದ ತಂಬಾಕು ಹುಳುಗಳಿಗೆ ವಿದ್ಯುತ್ ಆಘಾತದಿಂದ ಒಂದು ವಾಸನೆಯ ಭಯ ಕಲಿಸಿದಾಗ, ಪತಂಗವಾದ ಮೇಲೂ ಅವು ಅದನ್ನು ಮರೆತಿರಲಿಲ್ಲ ಎಂದು 2008ರಲ್ಲಿ ವರದಿಯಾಯಿತು. ಎಳೆಯ ಹುಳುಗಳ ಕಲಿಕೆ ಉಳಿಯಲಿಲ್ಲವೆಂಬುದು ಈ ಫಲಿತಾಂಶವನ್ನು ಸುಳ್ಳಾಗಿಸುವುದಿಲ್ಲ: ಮಿದುಳಿನ ತಡವಾಗಿ ರೂಪುಗೊಂಡ ಭಾಗಗಳು ಉಳಿಯುತ್ತವೆ ಎಂಬ ಸೂಚನೆ ಅಲ್ಲಿದೆ. ಪ್ರಯೋಗ ಪತಂಗದ್ದು, ಚಿಟ್ಟೆಯದಲ್ಲ ಎಂಬ ಆಕ್ಷೇಪವೂ ದುರ್ಬಲ. ಎರಡೂ ಒಂದೇ ಗಣದವು, ಹಾರ್ಮೋನುಗಳೂ ಅವೇ. ಹುಳು ಮತ್ತು ಚಿಟ್ಟೆ ಬೇರೆ ಬೇರೆ ಪ್ರಾಣಿಗಳ ಸಂಕರದ ಫಲ ಎಂದು ವಿಲಿಯಮ್ಸನ್ 2009ರಲ್ಲಿ ಮಂಡಿಸಿದ ವಾದ ಜೀನೋಮ್ ಪುರಾವೆಯ ಮುಂದೆ ನಿಲ್ಲಲಿಲ್ಲ. ಆದರೆ 1999ರಲ್ಲಿ ಟ್ರೂಮನ್ ಮತ್ತು ರಿಡಿಫೋರ್ಡ್ ಹುಳುವನ್ನು ಭ್ರೂಣಾವಸ್ಥೆಯ ವಿಸ್ತರಣೆಯೆಂದು ವಿವರಿಸಿದ್ದರಿಂದ ಹಾರ್ವೆಯ ಅರ್ಧ ಊಹೆಗೆ ಮತ್ತೆ ಬಲ ಬಂತು. ಎರಡನೆಯ ಮೊಟ್ಟೆ ಎಂಬುದು ಬಿದ್ದುಹೋಯಿತು. ಬೇಗ ಹೊರಬಂದ ಭ್ರೂಣ ಎಂಬುದು ಇನ್ನೂ ಚರ್ಚೆಯಲ್ಲಿದೆ. ಒಪ್ಪಿದರೂ ಬಿಟ್ಟರೂ, ಎರಡು ದೇಹಗಳನ್ನು ದಾಟಿ ಬರುವ ಜೀವಿ ಒಂದೇ ಎಂಬುದರಲ್ಲಿ ಬದಲಾವಣೆಯಿಲ್ಲ.