ಕಾಲುವೆಯ ಆಳ ಮತ್ತು ಅಸಕೃತ್ ಕರ್ಮ: ಸೂತ್ರಕ್ಕೆ ಸಿಗದ ಸಮೀಕರಣಗಳ ಒಂದು ಚರಿತ್ರೆ

ಬಳ್ಳಾರಿ ಸೀಮೆಯಲ್ಲಿ ಕಾಲುವೆ ನೀರಿಗೆ ಎರಡು ಲೆಕ್ಕ. ನೀರಾವರಿ ಕಚೇರಿಯವರದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಹರಿಯುವ ಘನ ಅಡಿ. ಕುರುಗೋಡು, ಸಿರುಗುಪ್ಪ ಕಡೆಯ ಭತ್ತದ ರೈತರದು ಅಡಿ, ಅಂದರೆ ಕಾಲುವೆಯಲ್ಲಿ ನಿಂತ ನೀರಿನ ಆಳ. ಬಳ್ಳಾರಿ ಊರಿನ ಸತ್ಯನಾರಾಯಣಪೇಟೆಯ ಕಿರಾಣಿ ಅಂಗಡಿಗೆ ಬರುವ ಸಿರುಗುಪ್ಪದ ಅಕ್ಕಿಯ ಹಿಂದೆ ಈ ಎರಡೂ ಲೆಕ್ಕಗಳಿವೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಂದಿನಿಂದಲೂ ಎಲ್‌ಎಲ್‌ಸಿ, ಎಚ್‌ಎಲ್‌ಸಿ (ಕೆಳಮಟ್ಟದ, ಮೇಲ್ಮಟ್ಟದ ಕಾಲುವೆ) ಎಂದು ಜನ ಕರೆಯುವ ಕಾಲುವೆಗಳ ದಂಡೆಯಲ್ಲಿ ಒಂದು ಲೆಕ್ಕವನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸ ನಡೆದೇ ಇದೆ.

ಆಳ ಗೊತ್ತಿದ್ದರೆ ಹರಿವು ಕಂಡುಹಿಡಿಯುವುದು ಸುಲಭ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರಕ್ಕೆ ಕಾಲುವೆಯ ಅಗಲ, ಇಳಿಜಾರು, ಒರಟುತನ, ಆಳಗಳನ್ನು ಕೊಟ್ಟರೆ ಹರಿವು ನೇರವಾಗಿ ಬರುತ್ತದೆ. ತೊಡಕಿರುವುದು ತಿರುಗು ಹಾದಿಯಲ್ಲಿ: ಇಷ್ಟು ನೀರು ಬಿಟ್ಟರೆ ಎಷ್ಟು ಆಳ ನಿಂತೀತು?

ಒಂದು ಉದಾಹರಣೆ ಹಿಡಿಯೋಣ. ತಳ 3 ಮೀಟರ್ ಅಗಲ, ಗೋಡೆಗಳು ನೆಟ್ಟಗೆ, ಇಳಿಜಾರು 2500ಕ್ಕೆ 1, ಒರಟುತನದ ಅಂಕ 0.02, ಸೆಕೆಂಡಿಗೆ 3 ಘನ ಮೀಟರ್ ನೀರು. ಆಳವನ್ನು ‘ಆ’ ಎಂದರೆ ಮ್ಯಾನಿಂಗ್ ಸೂತ್ರ ಕೊನೆಗೆ ಹೀಗೆ ನಿಲ್ಲುತ್ತದೆ: ಆ⁵ = (1 + 2ಆ/3)². ಐದನೆಯ ಘಾತ! ವರ್ಗ ಸಮೀಕರಣಕ್ಕೆ ಶಾಲೆಯಲ್ಲೇ ಸೂತ್ರ ಸಿಗುತ್ತದೆ. ಮೂರನೆಯ, ನಾಲ್ಕನೆಯ ಘಾತಗಳಿಗೆ ಇಟಲಿಯವರು 16ನೆಯ ಶತಮಾನದಲ್ಲಿ ಕಂಡುಕೊಂಡರು. ಐದನೆಯದಕ್ಕೆ ಮೂಲಚಿಹ್ನೆಗಳಲ್ಲಿ ಬರೆಯಬಹುದಾದ ಸಾಮಾನ್ಯ ಸೂತ್ರ ಇಲ್ಲವೇ ಇಲ್ಲ ಎಂದು ನಾರ್ವೆಯ ನೀಲ್ಸ್ ಆಬೆಲ್ 1824ರಲ್ಲಿ ಸಾಧಿಸಿದ. ಇದು ನೆಟ್ಟಗಿನ ಗೋಡೆಯ ಮಾತು. ದಂಡೆ ಓರೆಯಾದರೆ, ನಮ್ಮ ಮಣ್ಣಿನ ಕಾಲುವೆಗಳೆಲ್ಲ ಹಾಗೆಯೇ, ಘಾತ ಹತ್ತಕ್ಕೆ ಏರುತ್ತದೆ.

ಉತ್ತರವಿದೆ, ಸೂತ್ರವಿಲ್ಲ. ಇಂಥ ಕಡೆ ನಮ್ಮ ಜ್ಯೋತಿಷಿಗಳು ಬಳಸುತ್ತಿದ್ದ ಮಾತು ‘ಅಸಕೃತ್’, ಅಂದರೆ ಒಂದೇ ಸಲಕ್ಕಲ್ಲ, ಮತ್ತೆ ಮತ್ತೆ. ಗ್ರಹಣದ ಸ್ಪರ್ಶಕಾಲ (ಹಿಡಿಯುವ ಹೊತ್ತು) ಬೇಕಾದರೆ ಆ ಹೊತ್ತಿನ ಚಂದ್ರನ ಶರ, ಅಂದರೆ ಕ್ರಾಂತಿವೃತ್ತದಿಂದ ಅದು ಸರಿದಿರುವ ದೂರ, ಗೊತ್ತಿರಬೇಕು. ಆ ಶರ ಬೇಕಾದರೆ ಹೊತ್ತೇ ಗೊತ್ತಿರಬೇಕು. ಮೊದಲು ಗ್ರಹಣಮಧ್ಯದ ಶರವನ್ನೇ ಇಟ್ಟುಕೊಂಡು ಕಾಲ ತೆಗೆಯುವುದು, ಆ ಕಾಲದಿಂದ ಹೊಸ ಶರ, ಅದರಿಂದ ಮತ್ತೆ ಕಾಲ. 7ನೆಯ ಶತಮಾನದ ಮೊದಲನೆಯ ಭಾಸ್ಕರ ‘ಮಹಾಭಾಸ್ಕರೀಯ’ದಲ್ಲಿ ಮಂದಕರ್ಣವನ್ನು, ಅಂದರೆ ಗ್ರಹದ ದೂರವನ್ನು, ತೆಗೆಯುವುದೂ ಹೀಗೆಯೇ. 1150ರ ‘ಸಿದ್ಧಾಂತ ಶಿರೋಮಣಿ’ಯ ಕರ್ತೃ ಎರಡನೆಯ ಭಾಸ್ಕರನಿಗೂ ಇದು ಕೈಪಳಗಿದ ಹಾದಿ.  ಲೆಕ್ಕ ನಿಲ್ಲುವ ಜಾಗಕ್ಕೆ ಈ ಜ್ಯೋತಿಷಿಗಳಿಟ್ಟ ಹೆಸರು ಇನ್ನೂ ಚೆನ್ನ: ‘ಅವಿಶೇಷ’. ಹಿಂದಿನ ಉತ್ತರಕ್ಕೂ ಈಗಿನದಕ್ಕೂ ವ್ಯತ್ಯಾಸ ಉಳಿಯದ ಸ್ಥಿತಿ.

ಅದನ್ನೇ ಕಾಲುವೆಗೆ ಹಚ್ಚಿ ನೋಡಬಹುದು. ಎಡಬದಿಯಲ್ಲಿ ಆಳ ಒಂದನ್ನೇ ಉಳಿಸಿದರೆ, ಅದು (1 + 2ಆ/3) ಎಂಬುದರ 2/5 ಘಾತ. ಬಲಬದಿಯ ‘ಆ’ಗೆ 1 ಇಟ್ಟರೆ 1.227 ಬರುತ್ತದೆ. ಅದನ್ನೇ ಮತ್ತೆ ಇಟ್ಟರೆ 1.270, ಆಮೇಲೆ 1.278, ಆಮೇಲೆ 1.280. ಇಷ್ಟು ಬೇಗ ಮುಗಿಯುವುದು ಅದೃಷ್ಟದಿಂದಲ್ಲ. ಉತ್ತರದ ಆಸುಪಾಸಿನಲ್ಲಿ ಪ್ರತಿ ಸುತ್ತಿಗೂ ತಪ್ಪು ಐದನೆಯ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಸಮೀಕರಣವನ್ನು ಬೇರೆ ಥರ ತಿರುಚಿ, ಬಲಬದಿಯ ಐದನೆಯ ಘಾತದಿಂದ ಎಡಬದಿಯ ಆಳ ತೆಗೆಯ ಹೊರಟರೆ ತಪ್ಪು ಸುತ್ತುಸುತ್ತಿಗೂ ಬೆಳೆದು ಉತ್ತರ ಕೈಬಿಟ್ಟು ಹೋಗುತ್ತದೆ. ಯಾವ ಕಡೆಯಿಂದ ಹಿಡಿಯಬೇಕೆಂಬುದೇ ಇಲ್ಲಿನ ಕಸಬು.

ಅಸಕೃತ್ ಎಂದರೆ ಸೂತ್ರ ತಿಳಿಯದವರ ಪಾಡು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೇರಳದ ಸಂಗಮಗ್ರಾಮದ ಮಾಧವ ಮಂದಕರ್ಣವನ್ನು ಸುತ್ತು ಹಾಕದೆ ಒಂದೇ ಸಲಕ್ಕೆ ತೆಗೆಯುವ ಸೂತ್ರ ಕೊಟ್ಟ. ನೀಲಕಂಠ ಸೋಮಯಾಜಿಯ ‘ತಂತ್ರಸಂಗ್ರಹ’ದಲ್ಲಿ ಅದಿದೆ. ಅಂದರೆ ಯಾವ ಗಂಟು ಬಿಚ್ಚೀತು, ಯಾವುದು ಬಿಚ್ಚದು ಎಂದು ಈ ಪರಂಪರೆ ಕೆದಕಿ ನೋಡಿತ್ತು. 1609ರಲ್ಲಿ ಗ್ರಹದ ದೀರ್ಘವೃತ್ತವನ್ನು ಪ್ರಕಟಿಸಿದ ಕೆಪ್ಲರ್ ಕೂಡ, ಗ್ರಹ ಯಾವಾಗ ಎಲ್ಲಿರುತ್ತದೆಂದು ತಿಳಿಯಲು ಬೇಕಾದ ತನ್ನ ಸಮೀಕರಣಕ್ಕೆ ನೇರ ಉತ್ತರ ಕಾಣದೆ ಊಹೆ, ತಿದ್ದುಪಡಿ, ಮತ್ತೆ ಊಹೆ ಎಂದೇ ಸಾಗಿದ.

ಲೆಕ್ಕದಂತೆಯೇ ಕಾಲುವೆಗೂ ಇಲ್ಲಿ ಹಳೆಯ ಪರಂಪರೆಯಿದೆ: ಸಿರುಗುಪ್ಪ, ದೇಶನೂರುಗಳ ವಿಜಯನಗರ ಕಾಲದ ಕಾಲುವೆಗಳು ಮ್ಯಾನಿಂಗ್‌ಗಿಂತ ಶತಮಾನಗಳಷ್ಟು ಹಿಂದಿನವು. ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಕೆರೆ ಶಾಸನವಂತೂ ಕೆರೆಗೆ ಬೇಕಾದ ಹನ್ನೆರಡು ಅಂಗಗಳಲ್ಲಿ ಜಲಶಾಸ್ತ್ರ ಬಲ್ಲವನನ್ನೂ ಎಣಿಸುತ್ತದೆ.

ಬ್ರಿಟಿಷರ ಕಾಲದ ನೀರಾವರಿ ಎಂಜಿನಿಯರಿಗೆ ಸುತ್ತು ಹಾಕುವ ಪುರುಸೊತ್ತಿರಲಿಲ್ಲ. ಪಂಜಾಬಿನ ಬಾರಿ ದೋಆಬ್ ಕಾಲುವೆಯನ್ನು ಅಳೆದ ಕೆನಡಿ 1895ರಲ್ಲಿ ಹೂಳು ನಿಲ್ಲದ ವೇಗದ ನಿಯಮ ಹೇಳಿದ. ಅದರಂತೆ ಕಾಲುವೆ ರೂಪಿಸಬೇಕಾದರೂ ಮೊದಲು ಆಳವನ್ನು ಊಹಿಸಲೇಬೇಕು. ಆ ಶ್ರಮ ತಪ್ಪಿಸಲು ಗ್ಯಾರೆಟ್ ನಕ್ಷೆಗಳು ಬಂದವು. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಅವುಗಳ ಬಳುಕು ಗೆರೆಗಳ ನೆನಪಿರುತ್ತದೆ.

ನಕ್ಷೆಯ ಜಾಣತನ ಇರುವುದು ಒಂದೇ ಕಡೆ: ಸುಲಭದ ದಿಕ್ಕಿನಲ್ಲಿ ಗೆರೆ ಎಳೆದು ಕಷ್ಟದ ದಿಕ್ಕಿನಲ್ಲಿ ಓದುವುದು. ನಮ್ಮ ಕಾಲುವೆಗೇ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಆಳ 0.8 ಮೀಟರ್ ಇದ್ದರೆ ಹರಿವು 1.56, 1 ಮೀಟರಿಗೆ 2.13, 1.2ಕ್ಕೆ 2.75, 1.4ಕ್ಕೆ 3.39. ನಾಲ್ಕು ಚುಕ್ಕೆ ಇಟ್ಟು ಗೆರೆ ಸೇರಿಸಿ. ಹರಿವಿನ ಅಕ್ಷದ 3ರಿಂದ ಗೆರೆಯವರೆಗೆ ಅಳತೆಪಟ್ಟಿ ಹಿಡಿದು, ಅಲ್ಲಿಂದ ಆಳದ ಅಕ್ಷಕ್ಕೆ ತಿರುಗಿಸಿದರೆ ಪೆನ್ಸಿಲ್ಲಿನ ಮೊನೆ 1.28ರ ಮೇಲೆ ಕೂರುತ್ತದೆ.