ಕೂಸಿನ ಅನ್ನವಸ್ತ್ರ: ಕಾಯಿದೆ ನಡೆದು ಬಂದ ದಾರಿ

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬಡವಾಯಿತು ಎಂದರೆ ಸೊರಗಿತು ಎಂದರ್ಥ. ಆದರೆ ದುಡ್ಡಿಲ್ಲದ್ದಾಯಿತು ಎಂಬ ಅರ್ಥವೂ ಇಲ್ಲಿ ಚೆನ್ನಾಗಿಯೇ ಹೊಂದುತ್ತದೆ. ತಂದೆತಾಯಿ ಬೇರೆಯಾದ ಮೇಲೆ ಮಗುವಿನ ಊಟ, ಬಟ್ಟೆ, ಶಾಲೆ, ಔಷಧಗಳ ಹೊಣೆ ಯಾರದು ಎಂಬುದು ಎಲ್ಲ ಕಾಲದ, ಎಲ್ಲ ಸಮಾಜಗಳ ಪ್ರಶ್ನೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ನಮ್ಮವರಲ್ಲಿ ಅದಕ್ಕೆ ಇನ್ನೊಂದು ತೊಡಕು ಕೂಡಿಕೊಂಡಿತು. ಸಂಪಾದಿಸುವವನು ಮಲಾಡಿನಲ್ಲಿ, ಮಗು ಕಾರ್ಕಳದಲ್ಲೋ ಕುಂದಾಪುರದಲ್ಲೋ. ತಿಂಗಳ ಮನಿಯಾರ್ಡರ್ ನಿಂತುಹೋದರೆ ಆ ತಾಯಿ ಯಾವ ನ್ಯಾಯಾಲಯದ ಬಾಗಿಲು ತಟ್ಟಬೇಕು? ಜೀವನಾಂಶದ ಕಾಯಿದೆಯ ಚರಿತ್ರೆಯನ್ನು ನೋಡಿದರೆ, ಈ ದೂರವನ್ನು ಕಡಿಮೆ ಮಾಡಲು ಅದು ನೂರು ವರ್ಷಗಳಿಗೂ ಮಿಕ್ಕಿ ಕಾಲ ತೆಗೆದುಕೊಂಡಿದೆ ಎಂಬುದು ಕಾಣುತ್ತದೆ.

ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ ಈ ಹೊಣೆಯ ಬಗ್ಗೆ ಸಂದೇಹವಿರಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಕನ್ನಡ ನಾಡಿನಲ್ಲಿ ಕುಳಿತು ಬರೆದ ಮಿತಾಕ್ಷರವು ಮನುವಿನ ಹೆಸರಿನಲ್ಲಿ ಒಂದು ಮಾತನ್ನು ಉದಾಹರಿಸುತ್ತದೆ. ಮುಪ್ಪಿನ ತಂದೆತಾಯಿಗಳನ್ನೂ ಸಾಧ್ವಿಯಾದ ಹೆಂಡತಿಯನ್ನೂ ಎಳೆಯ ಮಗುವನ್ನೂ ನೂರು ಮಾಡಬಾರದ ಕೆಲಸ ಮಾಡಿಯಾದರೂ ಸಾಕಬೇಕು ಎಂಬುದು ಅದರ ತಾತ್ಪರ್ಯ. ಆಸ್ತಿಯಿರಲಿ ಇಲ್ಲದಿರಲಿ, ಈ ಹೊಣೆ ತಪ್ಪುವುದಿಲ್ಲ.

ತುಳುನಾಡಿನಲ್ಲಿ ವ್ಯವಸ್ಥೆ ಬೇರೆಯಾಗಿತ್ತು. ಮುಂಬಯಿಗೆ ಬಂದ ಬಂಟ, ಬಿಲ್ಲವ, ಮೊಗವೀರ ಕುಟುಂಬಗಳ ಹಿರಿಯರಿಗೆ ಅಳಿಯಸಂತಾನ ಕಟ್ಟಿನ ಪರಿಚಯ ಹೇಳಬೇಕಾಗಿಲ್ಲ. ದೇವ ಪಾಂಡ್ಯನು ಭೂತಕ್ಕೆ ಬಲಿಯಾಗಿ ಮಗನನ್ನು ಕೇಳಿದಾಗ ಹೆಂಡತಿ ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಅಂದಿನಿಂದ ಸೊತ್ತು ಸೋದರಳಿಯನ ಪಾಲಾಯಿತು ಎಂಬುದು ಭೂತಾಳ ಪಾಂಡ್ಯನ ಹೆಸರಿಗೆ ಅಂಟಿಕೊಂಡ ಐತಿಹ್ಯ. ಐತಿಹ್ಯ ಹೇಗೇ ಇರಲಿ, ಕಟ್ಟಿನ ಫಲ ಸ್ಪಷ್ಟವಾಗಿತ್ತು. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಅದರ ಅನ್ನವಸ್ತ್ರ ತಾಯಿಯ ತರವಾಡು ಮನೆಯದು. ಹೊಣೆ ಯಜಮಾನನಾದ ಸೋದರಮಾವನದು. ಗಂಡ ಹೆಂಡಿರು ಬೇರೆಯಾದರೂ ಮಗುವಿನ ಬಟ್ಟಲು ಬರಿದಾಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಹೈಕೋರ್ಟು ಈ ಕಟ್ಟಿನ ಮದುವೆಯನ್ನು ಕಾಯಿದೆಯ ದೃಷ್ಟಿಯಲ್ಲಿ ವಿವಾಹವೆಂದೇ ಒಪ್ಪಲಿಲ್ಲ. ಕುಟುಂಬವೇ ಮಗುವನ್ನು ಸಾಕುತ್ತಿದ್ದವರೆಗೆ ಅದರಿಂದ ಮಗುವಿಗೆ ಅಷ್ಟು ತೊಂದರೆಯಾಗಲಿಲ್ಲ.

ಆ ಆಸರೆ ಎರಡು ಕಡೆಯಿಂದ ಸಡಿಲವಾಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ ಕುಟುಂಬದ ಆಸ್ತಿ ಕವರುಗಳ ನಡುವೆ ಪಾಲಾಗತೊಡಗಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ಮತ್ತಷ್ಟು ಕರಗಿತು. ಇನ್ನೊಂದು ಕಡೆ ದುಡಿಯುವ ಗಂಡಸರು ಮುಂಬಯಿ ಸೇರಿದರು. ಗದ್ದೆಯ ಹುಟ್ಟುವಳಿಯ ಜಾಗದಲ್ಲಿ ತಿಂಗಳ ಸಂಬಳ ಬಂತು, ಆ ಸಂಬಳ ತಂದೆಯ ಕೈಯಲ್ಲಿತ್ತು. ಚಾಳಿನ ಒಂದು ಕೋಣೆಯಲ್ಲಿ ಯಜಮಾನನಾಗಲಿ ತರವಾಡಾಗಲಿ ಇರಲಿಲ್ಲ. ಹಾಗಾಗಿ ತಂದೆಯ ಹೊಣೆಯನ್ನು ಸರಕಾರದ ಕಾಯಿದೆಯಲ್ಲೇ ಹುಡುಕಬೇಕಾಯಿತು.

ಆ ಕಾಯಿದೆ ಬ್ರಿಟಿಷರ ಕಾಲದಿಂದಲೇ ಇತ್ತು. 1861ರ ದಂಡ ಪ್ರಕ್ರಿಯಾ ಸಂಹಿತೆಯ 316ನೆಯ ಕಲಮಿನಲ್ಲಿ, ಮುಂದೆ 1898ರ ಸಂಹಿತೆಯ 488ನೆಯ ಕಲಮಿನಲ್ಲಿ, ಶಕ್ತಿಯಿದ್ದೂ ಹೆಂಡತಿಯನ್ನೋ ಮಗುವನ್ನೋ ಸಾಕದವನಿಗೆ ತಿಂಗಳಿಗೆ ಇಷ್ಟು ಕೊಡೆಂದು ಆಜ್ಞಾಪಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿತ್ತು. ದಿಕ್ಕಿಲ್ಲದವರು ಬೀದಿಪಾಲಾಗಬಾರದೆಂಬುದು ಅದರ ಉದ್ದೇಶ. ಅದರಲ್ಲಿ ಜಾತಿ ಮತಗಳ ಭೇದವಿರಲಿಲ್ಲ. ಮುಖ್ಯವಾಗಿ, ಮಗು ವಿವಾಹದಿಂದ ಹುಟ್ಟಿದ್ದಾಗಲಿ ವಿವಾಹದ ಹೊರಗೆ ಹುಟ್ಟಿದ್ದಾಗಲಿ ತಂದೆಯ ಹೊಣೆ ಒಂದೇ ಎಂದು ಅದು ಸಾರಿತು. ಹೀಗೆ ಮದುವೆಯನ್ನೇ ಒಪ್ಪದ ನ್ಯಾಯಾಲಯದಲ್ಲೂ ಮಗುವಿಗೆ ಒಂದು ದಾರಿ ಉಳಿಯಿತು.

ಆದರೆ ಆ ದಾರಿಗೆ ಎರಡು ತಡೆಗಳಿದ್ದವು.

ಒಂದನೆಯದು ಹಣದ ಮಿತಿ. ಮೊದಲು ತಿಂಗಳಿಗೆ 50 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಈ ಮಿತಿ ಏರುತ್ತ 1955ರಲ್ಲಿ 500 ರೂಪಾಯಿ ಆಯಿತು, ಅಲ್ಲಿಗೆ ನಿಂತುಬಿಟ್ಟಿತು. ಬೆಲೆಗಳು ಏರಿದವು, ಶಾಲೆಯ ಫೀಸು ಏರಿತು, 500 ಮಾತ್ರ ಹಾಗೆಯೇ ಉಳಿಯಿತು. ತಾಯಿಗೂ ಮಕ್ಕಳಿಗೂ ಸೇರಿ ಒಟ್ಟು 500 ಎಂಬ ವಾದ ಬಂದಾಗ, ಈ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ ಎಂದು 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತರು. ಮಹಾರಾಷ್ಟ್ರ ಸರಕಾರ 1999ರಲ್ಲಿ ತನ್ನ ರಾಜ್ಯಕ್ಕೆ ಅದನ್ನು 1500ಕ್ಕೆ ಏರಿಸಿತು. 2001ರ ತಿದ್ದುಪಡಿಯಿಂದ ದೇಶದಲ್ಲೆಲ್ಲ ಮಿತಿಯೇ ರದ್ದಾಯಿತು. ಖಟ್ಲೆ ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೊಡಿಸಬಹುದು, ಆ ಅರ್ಜಿಯನ್ನು ಸಾಧ್ಯವಾದಮಟ್ಟಿಗೆ 60 ದಿನಗಳಲ್ಲಿ ಇತ್ಯರ್ಥಗೊಳಿಸಬೇಕು ಎಂಬ ನಿಯಮವೂ ಆಗಲೇ ಸೇರಿತು.

ಎರಡನೆಯ ತಡೆ ದೂರ. 1898ರ ಸಂಹಿತೆಯ ಪ್ರಕಾರ ಅರ್ಜಿಯನ್ನು ಗಂಡ ಇರುವಲ್ಲಿ, ಇಲ್ಲವೆ ಅವನು ಹೆಂಡತಿಯೊಡನೆ ಕೊನೆಯದಾಗಿ ವಾಸಿಸಿದಲ್ಲಿ ಹಾಕಬೇಕು. ಮುಂಬಯಿಯಲ್ಲಿ ಸಂಸಾರ ಹೂಡಿ, ಜಗಳವಾಗಿ, ಮಗುವಿನೊಡನೆ ತವರಿಗೆ ಹಿಂದಿರುಗಿದವಳು ಮತ್ತೆ ಮುಂಬಯಿಗೇ ಬರಬೇಕಾಗಿತ್ತು. ಕೊಂಕಣ ರೈಲ್ವೆಯಿಲ್ಲದ ಆ ದಿನಗಳಲ್ಲಿ ಹಡಗಿನಲ್ಲೋ ಘಟ್ಟದ ಬಸ್ಸಿನಲ್ಲೋ ಬಂದು, ಯಾರದೋ ಮನೆಯಲ್ಲಿ ಉಳಿದು, ತಾರೀಕಿನ ಮೇಲೆ ತಾರೀಕು ಕಾಯುವುದು ಎಷ್ಟು ಮಂದಿಗೆ ಸಾಧ್ಯವಿತ್ತು? ಹಕ್ಕಿತ್ತು, ದಕ್ಕುತ್ತಿರಲಿಲ್ಲ. 1963ರಲ್ಲಿ ಸುಪ್ರೀಂ ಕೋರ್ಟು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಗಂಡ ಆಫ್ರಿಕಾದಲ್ಲಿ, ಹೆಂಡತಿ ಪಂಜಾಬಿನಲ್ಲಿದ್ದ ಮೊಕದ್ದಮೆ ಅದು. ಸುಮ್ಮನೆ ಬಂದು ಹೋದದ್ದು ವಾಸವಲ್ಲ, ಆದರೆ ರಜೆಯಲ್ಲಿ ಬಂದವನು ಹೆಂಡತಿಯೊಡನೆ ತಾತ್ಕಾಲಿಕವಾಗಿ ಸಂಸಾರ ಹೂಡಿದ್ದರೂ ಅದು ವಾಸವೇ ಎಂದು ನ್ಯಾಯಾಲಯ ಹೇಳಿತು. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗುತ್ತಿದ್ದ ಮುಂಬಯಿಯ ಗಂಡಸರಿಗೂ ಈ ಮಾತು ತಟ್ಟುವಂಥದ್ದೇ.

ಪೂರ್ಣ ಪರಿಹಾರ ಬಂದದ್ದು ಹೊಸ ಸಂಹಿತೆಯಿಂದ. ಗಂಡ ಬಿಟ್ಟ ಹೆಂಗಸರು ಅವನ ಊರಿನಿಂದ ದೂರ ನೆಂಟರ ಆಶ್ರಯದಲ್ಲಿರಬೇಕಾಗುತ್ತದೆ ಎಂಬುದನ್ನು ಕಾನೂನು ಆಯೋಗ 1969ರ ತನ್ನ 41ನೆಯ ವರದಿಯಲ್ಲಿ ಎತ್ತಿ ತೋರಿಸಿತು. ಅದರಂತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸಂಹಿತೆಯಲ್ಲಿ, ಹೆಂಡತಿ ಈಗ ವಾಸಿಸುವ ಸ್ಥಳದಲ್ಲೂ ಅರ್ಜಿ ಹಾಕಬಹುದೆಂದಾಯಿತು. ಕುಂದಾಪುರದಲ್ಲಿರುವವಳು ಕುಂದಾಪುರದಲ್ಲೇ ಅರ್ಜಿ ಹಾಕಿದರೆ ಸಾಕು, ಮಲಾಡಿನವನೇ ಅಲ್ಲಿಗೆ ಹೋಗಿ ಉತ್ತರ ಹೇಳಬೇಕು. ಆಜ್ಞೆಯಾದ ಮೇಲೆ ಅವನು ಎಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರ ಮೂಲಕ ಅದನ್ನು ಜಾರಿಗೊಳಿಸಬಹುದು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಿಂದಿನ 125ನೆಯ ಕಲಮು ಈಗ 144ನೆಯದು. ಸ್ಥಳದ ವಿಷಯ 145ನೆಯದರಲ್ಲಿದೆ.

ಇಷ್ಟರಲ್ಲಿ ಹೊಣೆಯ ಕಲ್ಪನೆಯೂ ಬದಲಾಯಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸಿತು. ತಾಯಿಯೂ ದುಡಿಯುತ್ತಿದ್ದ ಒಂದು ಮೊಕದ್ದಮೆಯಲ್ಲಿ, ತಂದೆ ಎರಡು ಪಾಲು, ತಾಯಿ ಒಂದು ಪಾಲು ಕೊಡಬೇಕೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ಮುಸ್ಲಿಮ್ ಮಕ್ಕಳಿಗೂ ಈ ಹಕ್ಕು ಸ್ವತಂತ್ರವಾಗಿಯೇ ಇದೆಯೆಂದು 1997ರಲ್ಲಿ ತೀರ್ಪಾಗಿತ್ತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಹೇಳಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂಬುದು 2020ರ ತೀರ್ಪು. ಆ ಮೊಕದ್ದಮೆ ಮಹಾರಾಷ್ಟ್ರದ್ದೇ.

ಇಂದು ಮಲಾಡಿನಲ್ಲಿರುವ ತಾಯಿಗೆ ಈ ಕೆಲಸಕ್ಕೆ ಬಾಂದ್ರಾ ಪೂರ್ವದ ಕುಟುಂಬ ನ್ಯಾಯಾಲಯವಿದೆ. 1984ರ ಕಾಯಿದೆಯಂತೆ ಮುಂಬಯಿಯಲ್ಲಿ ಅದು 1989ರಲ್ಲಿ ಆರಂಭವಾಯಿತು. ಹೆಂಗಸರಿಗೂ ಮಕ್ಕಳಿಗೂ ಆದಾಯವೆಷ್ಟೆಂದು ಕೇಳದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆಯಲ್ಲಿದೆ. ವಕೀಲರ ಫೀಸಿಗೆ ಹೆದರಿ ಹಿಂಜರಿಯಬೇಕಾಗಿಲ್ಲ.

ನಮ್ಮಲ್ಲಿ ಇಂಥ ವಿಷಯಗಳನ್ನು ಸಮಾಜದ ಹಿರಿಯರ ಮುಂದೆ ಇಟ್ಟು ಬಗೆಹರಿಸಿಕೊಳ್ಳುವ ರೂಢಿಯಿದೆ. ಅದು ಒಳ್ಳೆಯದೇ. ಆದರೆ ಪಂಚಾಯಿತಿಗೆ ಕೂರುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಹೆಂಡತಿಯ ನಡತೆಯ ಬಗೆಗಿನ ಆಕ್ಷೇಪ ಅವಳ ಪಾಲಿನ ಜೀವನಾಂಶಕ್ಕೆ ಅಡ್ಡಿಯಾದೀತು, ಮಗುವಿನ ಪಾಲಿಗೆ ಆಗಲಾರದು. ತಾಯಿ ಸಿಟ್ಟಿನಲ್ಲೋ ಸ್ವಾಭಿಮಾನದಿಂದಲೋ ‘ನಿಮ್ಮ ದುಡ್ಡು ಬೇಡ’ ಎಂದರೂ ಮಗುವಿನ ಹಕ್ಕು ಹೋಗದು. ಆಜ್ಞೆಯಾದ ಮೇಲೆ ಕೊಡದವನಿಗೆ ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳ ತನಕ ಸೆರೆಯಾಗಬಹುದು. ಸೆರೆಮನೆಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲವೆಂದು ಸುಪ್ರೀಂ ಕೋರ್ಟು 1989ರಲ್ಲಿ ಸ್ಪಷ್ಟಪಡಿಸಿದೆ. ಬಾಕಿ ವಸೂಲಿಯ ಅರ್ಜಿಯನ್ನು ಮಾತ್ರ ಒಂದು ವರ್ಷದೊಳಗೆ ಹಾಕಬೇಕು. ಎಷ್ಟೋ ಮಂದಿ ಕಳೆದುಕೊಳ್ಳುವುದು ಇಲ್ಲಿಯೇ.

ತರವಾಡಿನ ಕಾಲದಲ್ಲಿ ಕೂಸನ್ನು ಬಡವಾಗದಂತೆ ಕಾದದ್ದು ಕುಟುಂಬ. ಆ ಕುಟುಂಬವನ್ನು ಬಿಟ್ಟು ಬಂದ ನಾವು ಇಲ್ಲಿ ಸಂಘಗಳನ್ನು ಕಟ್ಟಿಕೊಂಡಿದ್ದೇವೆ. ಮಗುವಿನ ಹೆಸರಿನಲ್ಲಿ ಬರಬೇಕಾದುದು ಅದರ ಕೈಸೇರುವಂತೆ ನೋಡಿಕೊಳ್ಳುವುದೂ ಸಂಘ ಕಟ್ಟಿದವರ ಕೆಲಸಗಳಲ್ಲಿ ಒಂದು.