ಜೋಡಿ ಡಿಸ್ಕು, ಒಂಟಿ ಬೀಗದ ಕೈ

ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ನಮ್ಮ ಹೌಸಿಂಗ್ ಸೊಸೈಟಿಯ ಕಂಪ್ಯೂಟರ್ ಏಳಲೇ ಇಲ್ಲ. ಬ್ಯಾಂಕಿನವನು ಅನ್ನುವ ಒಂದೇ ಕಾರಣಕ್ಕೆ ಖಜಾಂಚಿ ಕೆಲಸ ನನ್ನ ಕೊರಳಿಗೆ ಬಿದ್ದು ಆರು ವರ್ಷ ಆಯ್ತು. ಎಲ್ಲ ಮನೆಗಳ ಮೇಂಟೆನೆನ್ಸ್ ಲೆಕ್ಕ, ಸಿಂಕಿಂಗ್ ಫಂಡು, ಬಾಕಿದಾರರ ಪಟ್ಟಿ ಎಲ್ಲವೂ ಅದರೊಳಗೇ. ಆಡಿಟರ್ ಬರುವುದಕ್ಕೆ ಒಂಬತ್ತು ದಿನ ಉಳಿದಿತ್ತು. ಪರದೆಯ ಮೇಲೆ ಮಾತ್ರ ಬೂಟ್ ಮಾಡಲು ಏನೂ ಸಿಗಲಿಲ್ಲ ಅಂತ ಒಂದೇ ಸಾಲು.

ತಮಾಷೆ ಏನೆಂದರೆ, ಅದರಲ್ಲಿ ಎರಡು ಹಾರ್ಡ್ ಡಿಸ್ಕ್ ಇವೆ. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ, ಇದಕ್ಕೆ ಮಿರರಿಂಗ್ ಅನ್ನುತ್ತಾರೆ. ಒಂದು ಹೋದರೆ ಇನ್ನೊಂದಿದೆ ಅಂತ ನಾನೇ ಹಟ ಹಿಡಿದು ಮೀಟಿಂಗಿನಲ್ಲಿ ಖರ್ಚು ಪಾಸು ಮಾಡಿಸಿದ್ದೆ. ರಿಪೇರಿಗೆ ಬಂದ ಹುಡುಗ ಹತ್ತು ನಿಮಿಷ ನೋಡಿ, "ಕಾಕಾ, ಎರಡೂ ಹೋಗಿವೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡ್ತೀನಿ" ಅಂದ. "ಮುಟ್ಟಬೇಡ, ಕೈ ತೆಗಿ" ಅಂತ ನಾನು ಕೂಗಿದ ರೀತಿಗೆ ವಾಚ್‌ಮನ್ ಒಳಗೆ ಓಡಿಬಂದ! ಹಾಗೆ ಕೂಗಿದ್ದಕ್ಕೆ ಕಾರಣ 1997ರ ಒಂದು ಸೋಮವಾರ. ಅದನ್ನು ಹೇಳುವ ಮೊದಲು ಈ ಜೋಡಿ ಡಿಸ್ಕಿನ ಹಿಂದಿನ ಕತೆ ಸ್ವಲ್ಪ ಕೇಳಿ.

ಐಬಿಎಂ ಕಂಪನಿ 1956ರಲ್ಲಿ ರಾಮ್ಯಾಕ್ ಅನ್ನುವ ಯಂತ್ರದ ಜೊತೆ ಮೊದಲ ಹಾರ್ಡ್ ಡಿಸ್ಕ್ ತಂದಿತು. ತಲಾ 24 ಇಂಚು ಅಗಲದ 50 ತಟ್ಟೆಗಳು, ಎಲ್ಲ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕೂ ಅಷ್ಟು ಜಾಗ ಸಾಲದೆ ಹೋಗಬಹುದು. ತಿರುಗುವ ವಸ್ತು ಎಂದಮೇಲೆ ಒಂದು ದಿನ ಕೆಡಲೇಬೇಕಲ್ಲ. ಲೆಕ್ಕ ನಿಲ್ಲಬಾರದ ಕಡೆ ಏನು ಮಾಡುವುದು? 1974ರಲ್ಲಿ ಜೇಮ್ಸ್ ಟ್ರೇಬಿಗ್ ಎಂಬಾತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟ್ಯಾಂಡೆಮ್ ಎಂಬ ಕಂಪನಿ ಶುರು ಮಾಡಿದ್ದೇ ಈ ಪ್ರಶ್ನೆಗೆ ಉತ್ತರವಾಗಿ. ಪ್ರೊಸೆಸರ್ ಎರಡು, ದಾರಿ ಎರಡು, ಡಿಸ್ಕೂ ಜೋಡಿ. ಅವರ ಮೊದಲ ಯಂತ್ರ 1976ರಲ್ಲಿ ಹೋದದ್ದು ಸಿಟಿಬ್ಯಾಂಕಿಗೆ. ಅಂದರೆ ಈ ವ್ಯವಸ್ಥೆಗೆ ಮೊದಲು ದುಡ್ಡು ಕೊಟ್ಟವರಲ್ಲಿ ನಮ್ಮ ಜಾತಿಯವರೇ, ಬ್ಯಾಂಕಿನವರು!

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಪ್ರಕಟಿಸಿದರು. ರೇಡ್ ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು. ಅದರಲ್ಲಿರುವ ಒಂದು ಲೆಕ್ಕ ಬಿಕಾಂ ಓದಿದ ನನಗೂ ಅರ್ಥವಾಗುವಂಥದ್ದು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುತ್ತದೆ ಅಂತಿಟ್ಟುಕೊಳ್ಳಿ. ದೊಡ್ಡ ದುಬಾರಿ ಡಿಸ್ಕಿನ ಬದಲು ಅಂಥ ಅಗ್ಗದ 100 ಡಿಸ್ಕು ಸೇರಿಸಿದರೆ, ಅವುಗಳಲ್ಲಿ ಒಂದಲ್ಲ ಒಂದು 300 ಗಂಟೆಗೇ ಕೈಕೊಡುತ್ತದೆ. ಎರಡು ವಾರವೂ ಇಲ್ಲ. ಹಾಗಾಗಿ ಅಗ್ಗದ್ದು ಬೇಕಾದರೆ ಜೊತೆಗೆ ಹೆಚ್ಚುವರಿಯೂ ಇರಲೇಬೇಕು. ಅವರು ಹೇಳಿದ ಐದು ವಿಧಾನಗಳಲ್ಲಿ ಮೊದಲನೆಯದು ಈ ಮಿರರಿಂಗ್. ಎಲ್ಲಕ್ಕಿಂತ ಸರಳ. ಆದರೆ ಎರಡು ಡಿಸ್ಕಿಗೆ ದುಡ್ಡು ಕೊಟ್ಟು ಒಂದರಷ್ಟು ಜಾಗ ಪಡೆಯಬೇಕು.

ಅದೇ ಕಾಲಕ್ಕೆ ನಮ್ಮ ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬೇಕೋ ಬೇಡವೋ ಅನ್ನುವ ಜಗಳವೇ ಪೂರ್ತಿ ಮುಗಿದಿರಲಿಲ್ಲ. 1983ರಲ್ಲಿ ಯೂನಿಯನ್‌ಗಳ ಜೊತೆ ಒಪ್ಪಂದವಾಗಿ, 1984ರಲ್ಲಿ ಆಗ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ರಂಗರಾಜನ್ ಅವರ ಸಮಿತಿ ವರದಿ ಕೊಟ್ಟ ಮೇಲೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಅವರದೇ ಎರಡನೇ ಸಮಿತಿಯ ವರದಿ ಬಂದದ್ದು 1989ರಲ್ಲಿ. ತೊಂಬತ್ತರ ದಶಕದಲ್ಲಿ ಬ್ರಾಂಚಿಗೊಂದು ಸರ್ವರ್ ಬಂತು. ಅದಕ್ಕೊಂದು ಏಸಿ ಕೋಣೆ, ಒಳಗೆ ಚಪ್ಪಲಿ ಹಾಕಿ ಹೋಗುವಂತಿಲ್ಲ! ಊರಿನ ದೇವಸ್ಥಾನ ಬಿಟ್ಟರೆ ನಾನು ಚಪ್ಪಲಿ ಕಳಚಿದ್ದು ಅಲ್ಲೇ.

ಮುಂಬಯಿಯ ಉಪನಗರದ ನಮ್ಮ ಬ್ರಾಂಚಿನ ಸರ್ವರಿನಲ್ಲಿದ್ದದ್ದು ನೊವೆಲ್ ನೆಟ್‌ವೇರ್. ಒಳಗೆ ಜೋಡಿ ಡಿಸ್ಕು. 1997ರ ಆ ಸೋಮವಾರ ಎಂಟೂವರೆಗೆ ಸ್ವಿಚ್ ಹಾಕಿದರೆ ಕಪ್ಪು ಪರದೆ. ಹತ್ತು ಗಂಟೆಗೆ ಶಟರ್ ಎತ್ತಬೇಕು. ತಿಂಗಳ ಮೊದಲ ವಾರ, ಪಿಂಚಣಿಯವರು ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಕೈಬರಹದ ಲೆಡ್ಜರುಗಳನ್ನು ನಿಲ್ಲಿಸಿ ಒಂದು ವರ್ಷವಾಗಿತ್ತು. ಯಾರ ಖಾತೆಯಲ್ಲಿ ಎಷ್ಟಿದೆ ಅಂತ ಗೊತ್ತಿದ್ದದ್ದು ಆ ಪೆಟ್ಟಿಗೆಗೆ ಮಾತ್ರ. ಶನಿವಾರದ ಬ್ಯಾಲೆನ್ಸ್ ಪ್ರಿಂಟೌಟ್ ಇಟ್ಟುಕೊಂಡು, ಗುರುತಿದ್ದವರಿಗೆ ಮಾತ್ರ ಪಾಸ್‌ಬುಕ್ ನೋಡಿ ದುಡ್ಡು ಕೊಡಲು ಮ್ಯಾನೇಜರ್ ಒಪ್ಪಿದರು. ಹೆಡ್ ಕ್ಯಾಷಿಯರ್ ಪ್ರತಿ ವೋಚರಿಗೂ ನನ್ನ ಸಹಿ ಬೇಕೇಬೇಕು ಅಂದರು. ಅವರದ್ದೇನೂ ತಪ್ಪಲ್ಲ.

ಹನ್ನೊಂದೂವರೆಗೆ ಸರ್ವಿಸ್ ಇಂಜಿನಿಯರ್ ಬಂದ. ಒಂದು ಡಿಸ್ಕು ಸತ್ತಿದೆ, ಇನ್ನೊಂದು ಸರಿಯಾಗಿದೆ, ಲೆಕ್ಕವೆಲ್ಲ ಅದರಲ್ಲಿದೆ ಅಂದ. ಮತ್ತೆ ಯಾಕೆ ಏಳುತ್ತಿಲ್ಲ? ಆಗ ಅವನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ನೆಟ್‌ವೇರ್ ತನ್ನಷ್ಟಕ್ಕೆ ಏಳುವುದಿಲ್ಲ. ಮೊದಲು ಡಾಸ್ ಎದ್ದು, ಅದರ ಪುಟ್ಟ ಭಾಗದಲ್ಲಿರುವ ಸರ್ವರ್ ಡಾಟ್ ಇಎಕ್ಸ್‌ಇ ಎಂಬ ಕಡತ ಇದನ್ನು ಎಬ್ಬಿಸಬೇಕು. ಮಿರರ್ ಆಗುವುದು ನೆಟ್‌ವೇರ್ ಭಾಗ ಮಾತ್ರ. ಡಾಸ್ ಭಾಗ ಇದ್ದದ್ದು ಮೊದಲ ಡಿಸ್ಕಿನಲ್ಲಿ, ಒಂದೇ ಪ್ರತಿ. ಸತ್ತದ್ದು ಅದೇ.

ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟ್ರಾಂಗ್ ರೂಮಿನ ಡೂಪ್ಲಿಕೇಟ್ ಕೀಲಿಗಳನ್ನು ಸೀಲು ಮಾಡಿ ಬೇರೆ ಬ್ರಾಂಚಿನಲ್ಲಿ ಇಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕೀಲಿಯನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುವ ಮೂರ್ಖರು ಯಾರೂ ಇಲ್ಲ. ಸರ್ವರಿನ ವಿಷಯದಲ್ಲಿ ನಾವು ಮಾಡಿದ್ದು ಮಾತ್ರ ಅದನ್ನೇ. ಹುಡುಗನ ಚೀಲದಲ್ಲಿ ಪುಣ್ಯಕ್ಕೆ ಒಂದು ಫ್ಲಾಪಿ ಇತ್ತು. ಅದರಿಂದ ಎಬ್ಬಿಸಿ, ಡಿಸ್ಕಿನ ಡ್ರೈವರ್ ತುಂಬಿಸಿದಾಗ ಒಂದು ಗಂಟೆ. ಟರ್ಮಿನಲ್ಲುಗಳು ಒಂದೊಂದಾಗಿ ಬೆಳಗಿದವು. ಬೆಳಗಿನ ವೋಚರುಗಳನ್ನೆಲ್ಲ ಪೋಸ್ಟ್ ಮಾಡಿದೆವು. ಟ್ಯಾಲಿ ಆಯ್ತು.

ನಿಜವಾದ ಅಪಾಯ ಬಂದದ್ದು ಸಂಜೆ. ಹೊಸ ಡಿಸ್ಕು ಹಾಕಿ ಮತ್ತೆ ಜೋಡಿ ಮಾಡಬೇಕು. ಯಾವುದರಿಂದ ಯಾವುದಕ್ಕೆ ನಕಲು ಅಂತ ತೋರಿಸಬೇಕಾದದ್ದು ಮನುಷ್ಯ. ದಿಕ್ಕು ತಪ್ಪಿದರೆ ಖಾಲಿ ಡಿಸ್ಕಿನ ಖಾಲಿತನವೇ ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಹುಡುಗ ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ. ಅವನನ್ನು ಕೆಳಗಿನ ಉಡುಪಿ ಹೋಟೆಲಿಗೆ ಕಳಿಸಿ, ನಾನು ಎರಡು ಚೀಟಿ ಬರೆದು ಡಿಸ್ಕುಗಳಿಗೆ ಅಂಟಿಸಿದೆ. ಒಂದಕ್ಕೆ ಅಸಲು, ಇನ್ನೊಂದಕ್ಕೆ ಖಾಲಿ. ಕನ್ನಡ ಅವನಿಗೆ ಓದಲು ಬರುವುದಿಲ್ಲ ಅಂತ ಆಮೇಲೆ ಹೊಳೆದು ಹಿಂದಿಯಲ್ಲೂ ಬರೆದೆ. ಅದಕ್ಕೂ ಮೊದಲು ಟೇಪಿಗೆ ಪೂರ್ತಿ ಬ್ಯಾಕಪ್ ಆಗಲೇಬೇಕು ಅಂತ ಹಟ ಮಾಡಿದೆ. ಮನೆಗೆ ಹೋದದ್ದು ಕೊನೆಯ ಲೋಕಲಿನಲ್ಲಿ.

ಇದು ನೆಟ್‌ವೇರ್ ಒಂದರ ದೋಷ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಅಲ್ಲ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಸರ್ವರ್ ಆವೃತ್ತಿಯಲ್ಲೂ ಮಿರರಿಂಗ್ ಇತ್ತು. ಆದರೆ ಯಾವ ಡಿಸ್ಕಿನಿಂದ ಏಳಬೇಕು ಅನ್ನುವುದು ಬೂಟ್ ಡಾಟ್ ಐಎನ್‌ಐ ಎಂಬ ಸಣ್ಣ ಕಡತದಲ್ಲಿ ಡಿಸ್ಕಿನ ನಂಬರು ಸಮೇತ ಬರೆದಿರುತ್ತಿತ್ತು. ಮೊದಲ ಡಿಸ್ಕು ಹೋದರೆ, ಎರಡನೆಯದರ ನಂಬರು ಬರೆದಿಟ್ಟ ಒಂದು ಫ್ಲಾಪಿ ಮೊದಲೇ ತಯಾರಿರಬೇಕು. ಇನ್ನೂ ಹಿಂದಕ್ಕೆ ಹೋದರೆ, 1983ರಲ್ಲಿ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದಾಗಿನಿಂದ ಯಂತ್ರ ಏಳುವುದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಿಂದ. ಮಿರರ್ ಮಾಡುವ ಸಾಫ್ಟ್‌ವೇರ್ ಕೆಲಸ ಶುರು ಮಾಡುವುದೇ ಯಂತ್ರ ಎದ್ದ ಮೇಲೆ. ತಾನು ಹುಟ್ಟುವ ಮೊದಲಿನದನ್ನು ಅದು ಹೇಗೆ ಕಾಯಬೇಕು? ಪ್ರತ್ಯೇಕ ರೇಡ್ ಕಾರ್ಡ್ ಹಾಕಿದರೆ ಎರಡು ಡಿಸ್ಕೂ ಯಂತ್ರಕ್ಕೆ ಒಂದೇ ಆಗಿ ಕಾಣುತ್ತವೆ, ಈ ತೊಂದರೆ ಇಲ್ಲ. ಆದರೆ ಆಗ ಕಾರ್ಡೇ ಒಂಟಿ. ಅದು ಸುಟ್ಟರೆ ಅಂಥದ್ದೇ ಇನ್ನೊಂದನ್ನು ಹುಡುಕಿಕೊಂಡು ಲ್ಯಾಮಿಂಗ್ಟನ್ ರೋಡು ಅಲೆಯಬೇಕು.

ಹಳೆಯ ಬಯೋಸ್ ಹೋಗಿ ಈಗ ಯುಇಎಫ್‌ಐ ಬಂದಿದೆ. ಅದಕ್ಕೂ ಏಳಲು ಒಂದು ಪುಟ್ಟ ಪಾರ್ಟಿಷನ್ ಬೇಕು. ವಿಂಡೋಸಿನ ಮಿರರಿಂಗ್ ಅದನ್ನು ತಾನಾಗಿ ನಕಲು ಮಾಡುವುದಿಲ್ಲ. ನಮ್ಮ ಸೊಸೈಟಿಯ ಪೆಟ್ಟಿಗೆಯಲ್ಲಿ ಆದದ್ದೂ ಇದೇ. 1997ರ ಡಾಸ್ ಭಾಗವೇ ಬೇರೆ ಹೆಸರಿಟ್ಟುಕೊಂಡು ಬಂದಂತೆ.

ಹುಡುಗನನ್ನು ಕೂರಿಸಿ ಚಹಾ ಕೊಟ್ಟು ಇದನ್ನೆಲ್ಲ ಹೇಳಿದೆ. ಬುದ್ಧಿವಂತ, ಬೇಗ ಹಿಡಿದ. ಕೆಟ್ಟ ಡಿಸ್ಕು ಬಿಚ್ಚಿ ಪಕ್ಕಕ್ಕಿಟ್ಟೆವು. ಒಳ್ಳೆಯದನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಮೇಲೆ ಏನೂ ಬರೆಯದೆ ಪೂರ್ತಿ ಪ್ರತಿ ತೆಗೆದೆವು. ಲೆಕ್ಕದ ಕಡತ ತೆರೆದು ಕೊನೆಯ ರಸೀದಿ ನಂಬರು ನೋಡಿದೆ, ಇತ್ತು. ಆಮೇಲಷ್ಟೇ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಉಳಿದ ಡಿಸ್ಕಿನಲ್ಲಿ ಬೂಟ್ ಪಾರ್ಟಿಷನ್ ಮಾಡಿ ಕಡತಗಳನ್ನು ಹಾಕಿದ್ದು. ಹೊಸ ಡಿಸ್ಕು ಬಂದ ಮೇಲೆ ಅದಕ್ಕೂ ಹಾಕಿಸಿದೆ. ಒಂದು ಸಲ ಈ ಡಿಸ್ಕು, ಒಂದು ಸಲ ಆ ಡಿಸ್ಕು ಬಿಚ್ಚಿ, ಎರಡರಿಂದಲೂ ಏಳುತ್ತದೆಯೇ ಅಂತ ನನ್ನ ಕಣ್ಣೆದುರೇ ತೋರಿಸು ಅಂದೆ. ತೋರಿಸಿದ.

ಮಿರರ್ ಇದ್ದರೂ ಬೇರೆ ಕಡೆ ಒಂದು ಪ್ರತಿ ಬೇಕು ಅಂತ ಈ ಊರಿನಲ್ಲಿ ಯಾರೂ ಪಾಠ ಹೇಳಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಾಳಿಗೆಗೆ ನುಗ್ಗಿದ ನೀರು ಅಸಲು ಯಾವುದು, ನಕಲು ಯಾವುದು ಅಂತ ಕೇಳಿರಲಿಕ್ಕಿಲ್ಲ.

ಆಡಿಟ್ ಹೇಳಿದ ದಿನಕ್ಕೇ ಆಯ್ತು. ಲೆಕ್ಕದ ಪ್ರತಿಯೂ ಯಂತ್ರ ಎಬ್ಬಿಸುವ ಪೆನ್‌ಡ್ರೈವೂ ಈಗ ಸೀಲು ಮಾಡಿದ ಲಕೋಟೆಯಲ್ಲಿ ಪಕ್ಕದ ಬಿಲ್ಡಿಂಗಿನ ಖಜಾಂಚಿ ಹತ್ತಿರ ಇವೆ, ಅವರದ್ದು ನನ್ನ ಕಪಾಟಿನಲ್ಲಿ. ಸೀಲಿಗೆ ಅರಗು ಎಲ್ಲಿಂದ ತಂದಿರಿ ಅಂತ ನನ್ನ ಹೆಂಡತಿ ಕೇಳಿದಳು. ಬ್ಯಾಂಕಿನದಲ್ಲ, ಸ್ಟೇಷನರಿ ಅಂಗಡಿಯಿಂದಲೇ ಕೊಂಡು ತಂದದ್ದು!